ಅಂಗಾಲಿನ ಲೆಕ್ಕ

ಕರಿಘಟ್ಟದ ಬುಡದಲ್ಲಿ, ಲೋಕಪಾವನಿ ಬಂದು
ಕಾವೇರಿಗೆ ಸೇರುವ ಕಡೆ
ನಮ್ಮಜ್ಜಿ ಚಿಕ್ಕತಾಯಮ್ಮನ ಸುಣ್ಣದ ಗೂಡು ಇತ್ತು.
ಈಗ ಅಲ್ಲಿ ಎಕ್ಕದ ಗಿಡ, ತಿದಿ ಕೂರುತ್ತಿದ್ದ ತೂತು.

ಒಂದು ಸಾಲು ಇದ್ದಲು, ಒಂದು ಸಾಲು ಕಪ್ಪೆಚಿಪ್ಪು,
ಮತ್ತೆ ಇದ್ದಲು, ಮತ್ತೆ ಚಿಪ್ಪು,
ಬಾಣಂತಿಗೆ ಹಾಸಿಗೆ ಹಾಸಿದ ಹಾಗೆ ಹಾಸುತ್ತಿದ್ದಳು.
ರಾತ್ರಿಯಿಡೀ ತಿದಿ ಒತ್ತುವುದು ನನ್ನ ಕೆಲಸ.
ಬೆಳಗ್ಗೆ ತೆಗೆದರೆ
ಬೆಂದದ್ದು ಬೆಂದ ಹಾಗೇ ಕಾಣುತ್ತಿರಲಿಲ್ಲ:
ಅದೇ ಅಂಚು, ಅದೇ ಗೆರೆ, ವರ್ಷಕ್ಕೊಂದು ಬಳೆ,
ಬರೀ ಬಣ್ಣ ಹೋಗಿ ಬೆಳ್ಳಗೆ.
"ಮುಟ್ಬ್ಯಾಡ ಕಣ್ಲಾ, ಅದಿನ್ನೂ ಚಿಪ್ಪು ಅಂದ್ಕಂಡದೆ"
ಅನ್ನುತ್ತಾ ಚೊಂಬಿನಿಂದ ಹೊಳೆನೀರು ಚಿಮುಕಿಸುವಳು.
ಆಗ ಬುಸ್ಸೆಂದು, ತನ್ನ ನೀರೇ ತಾಗಿ
ಪುಡಿಯಾಗುತ್ತಿತ್ತು.

ಆ ಪುಡಿ ಎಲೆಯಡಿಕೆಗೆ, ಕೋಳಿಗೂಡಿಗೆ,
ಗಾಯಕ್ಕೆ ಅರಿಶಿನದ ಜೊತೆ.
ಹಬ್ಬದ ಹಿಂದಿನ ದಿನ ಬೀದಿಯೆಲ್ಲ ಬೆಳ್ಳಗೆ,
ಹೊಳೆಯೇ ಎದ್ದು ಬಂದು ಗೋಡೆಗೊರಗಿ ನಿಂತ ಹಾಗೆ.
ಯಾರೂ ಹಾಗೆ ನೋಡಲಿಲ್ಲ. ನಾನೂ ನೋಡಲಿಲ್ಲ.

ನಮ್ಮದು ಭಗೀರಥನ ಕುಲ ಅಂತ ಅಪ್ಪ ಹೇಳೋನು.
ಬೂದಿಯಾದ ಹಿರಿಯರಿಗೆ ನೀರು ಇಳಿಸಿದವನು.
ನಾವು ನೀರೊಳಗಿದ್ದವರನ್ನು ಬುಟ್ಟಿಯಲ್ಲಿ ಹತ್ತಿಸಿ ತಂದು
ಬೂದಿ ಮಾಡಿದೆವು. ಹೊಟ್ಟೆಪಾಡು.
ಇದನ್ನು ಅವನೆದುರು ಅಂದಿದ್ದರೆ
ತಿದಿಯ ಕೋಲಲ್ಲೇ ಬಿಡುತ್ತಿದ್ದ.

ಆದರೂ ನಾವು ತೆಗೆದು ಮುಗಿಯುತ್ತಿರಲಿಲ್ಲ ಅನ್ನಿ.
ಎಪ್ಪತ್ತು ಬುಟ್ಟಿ ತೆಗೆದ ಮಡುವಿಗೆ
ಮಾರನೆಯ ಬೇಸಿಗೆ ಇಳಿದರೆ ಅಂಗಾಲು ಕುಯ್ಯುತ್ತಿತ್ತು.
ನಮ್ಮ ವಯಸ್ಸಿನವರ ಪಾದ ತಿರುಗಿಸಿ ನೋಡಿ,
ಬಿಳಿ ಗೀರು, ಒಂದಾದರೂ.

ಮುಗಿಸಿದ್ದು ಜರಡಿ.
ಲಾರಿ ಬಂತು, ಹಿಟಾಚಿ ಬಂತು, ಮರಳು ಮೈಸೂರಿನ
ಲೇಔಟುಗಳಿಗೆ ಹೋಯಿತು. ಜರಡಿಯ ಮೇಲೆ ಉಳಿದದ್ದು
ದಾರಿಬದಿ ರಾಶಿ ಬಿದ್ದು, ಬಾಯಿ ತೆರೆದು
ನಾರಿತು ಮೂರು ದಿನ. ಕಾಗೆಗಳಿಗೆ ಹಬ್ಬ.
ಆಮೇಲೆ ಯಾವ ಮಗುವೂ ಕಾಲು ಕುಯ್ದುಕೊಂಡು ಬರಲಿಲ್ಲ.
ಒಳ್ಳೆಯದಾಯಿತು ಅಂದುಕೊಂಡೆವು.

ಗಂಗೋತ್ರಿಯಿಂದ ಬಂದವಳು ತಸ್ಮಿಯಾ,
ಅದೇ, ಮೈಸೂರಿನ ಗಂಗೋತ್ರಿ, ಓದುವ ಹುಡುಗಿ.
ಪೈಪಿನ ಚೌಕವೊಂದನ್ನು ನೀರಲ್ಲಿ ಮುಳುಗಿಸಿ
ಬೆರಳಾಡಿಸಿ ಎಣಿಸಿದಳು: ಸೊನ್ನೆ. ಸೊನ್ನೆ.
ಸೊನ್ನೆ. ಒಂದು, ಖಾಲಿ.
ಒಂದೊಂದು ಚಿಪ್ಪು ದಿನಕ್ಕೆ ಬಿಂದಿಗೆಗಟ್ಟಲೆ ನೀರು ಸೋಸುತ್ತಂತೆ.
ಮರಿಗಳು ಸಸ್ಲು ಮೀನಿನ ಕಿವಿರಿಗೆ ಜೋತು
ಎರಡು ವಾರ ಸವಾರಿ ಮಾಡಿ ಇಳಿಯುತ್ತವಂತೆ.
ಟಿಕೆಟ್ಟಿಲ್ಲದೆ, ಅಂದೆ. ನಕ್ಕಳು.

ನಾಲೆ ನೀರು ನಿಲ್ಲಿಸಿದಾಗ
ಕೆಸರಲ್ಲಿ ಬಾಯಿ ಕಚ್ಚಿಕೊಂಡು ಬಿದ್ದಿದ್ದವು, ಬಿಸಿಲಿಗೆ.
ಬೆಸ್ತರ ಕೆಂಚಣ್ಣ, ನಾನು, ಅವಳು
ಬಣ್ಣದ ಡಬ್ಬಗಳಲ್ಲಿ ತುಂಬಿ, ಒದ್ದೆ ಗೋಣಿ ಮುಚ್ಚಿ ತಂದೆವು.
ಡಬ್ಬದ ಮೇಲೆ ಡಿಸ್ಟೆಂಪರ್ ಅಂತ ಬರೆದಿತ್ತು,
ನಮ್ಮ ಗೂಡು ಆರಿಸಿದ್ದು ಅದೇ.
ಅಡಿಗೆ ಹಾಸಲು ಗಟ್ಟಿ ನೆಲ ಬೇಕು ಅಂದಳು ಹುಡುಗಿ.
ಗೂಡಿನ ಹಿಂದೆ ಅಜ್ಜಿ ಸುಡದೆ ಬಿಟ್ಟ ರಾಶಿ ಇತ್ತು,
ಎಕ್ಕದ ಬೇರು ಬಿಡಿಸಿ ಬುಟ್ಟಿಗೆ ತುಂಬಿದೆ.
ಈ ದಾರಿಯಲ್ಲಿ ಬುಟ್ಟಿ ಇಳಿಯುವಾಗ
ಭಾರವಿದ್ದದ್ದು ನನಗೆ ಅದೇ ಮೊದಲು.

ಆಷಾಢದಲ್ಲಿ ಕನ್ನಂಬಾಡಿ ಬಾಗಿಲು ತೆಗೆದರು.
ಮುಕ್ಕಾಲು ಪಾಲು ಹೋಯಿತು. ತಸ್ಮಿಯಾ ದಡದಲ್ಲಿ ಕೂತು ಅತ್ತಳು.
ಕೆಂಚಣ್ಣ ಬೀಡಿ ಹಚ್ಚಿ,
"ಹೋಗಿದ್ದು ಎಲ್ಗೆ? ಹೊಳೆಯೊಳಕ್ಕೇ ತಾನೆ, ಬುಡವ್ವ" ಅಂದ.
ಮತ್ತೆ ತಂದೆವು. ಮಾರನೆಯ ವರ್ಷ ಮತ್ತೆ.

ಹೋದ ಭಾನುವಾರ ಕೆಂಚಣ್ಣನ ಮೊಮ್ಮಗ
ಕುಂಟುತ್ತಾ ಮೆಟ್ಟಿಲು ಹತ್ತಿ ಬಂದ,
ಹಿಂದೆ ಚುಕ್ಕೆ ಚುಕ್ಕೆ ರಕ್ತ.
ಅವರಮ್ಮ ಸೂಜಿ ಹಾಕಿಸಬೇಕೆಂದು ಆಟೋ ಕೂಗುತ್ತಿದ್ದಳು.
ನಾನು ಅರಿಶಿನ ಸುಣ್ಣ ಕಲಸಿ ಪಾದ ಹಿಡಿದು ಕೂತೆ.
ಗಾಜಲ್ಲ. ತಗಡಲ್ಲ. ಬಿಲ್ಲಿನ ಹಾಗೆ ಬಾಗಿದ ಗೀರು,
ಇದರ ಅಣ್ಣ ನನ್ನ ಎಡಗಾಲಲ್ಲಿದ್ದಾನೆ.

ಅಳಬೇಡ ಮರಿ.
ಎಲ್ಲಿ? ಬಂಡೆಯ ಈ ಕಡೆಯೋ, ಆ ಕಡೆಯೋ?
ಎಷ್ಟು ಆಳದಲ್ಲಿ?
ಸರಿಯಾಗಿ ಹೇಳು.